ಅರ್ಧ ತರಗತಿ ಅನುತ್ತೀರ್ಣವಾಗುತ್ತಿರುವಾಗ ಪ್ರಶ್ನೆಪತ್ರಿಕೆಯನ್ನು ಸುಲಭಗೊಳಿಸಬೇಕೇ, ಬಿಗಿ ಹಿಡಿಯಬೇಕೇ?

ನಿಮ್ಮ ಪ್ರಶ್ನೆಯನ್ನು ಓದಿದಾಗ, ಗಣಿತದ ಅಧ್ಯಾಪಕನಾಗಿ ನನ್ನ ಎರಡನೆಯ ವರ್ಷ ಕಣ್ಣಮುಂದೆ ಬಂತು. ಫಲಿತಾಂಶ ಏಕೆ ಕುಸಿಯಿತೆಂದು ಮೇಲಿನವರು ವಿವರಣೆ ಕೇಳಿದ್ದರು. ಪತ್ರಿಕೆಯನ್ನು ಸುಲಭಗೊಳಿಸುವುದು ಅಪ್ರಾಮಾಣಿಕವೆನಿಸಿ, ಪರೀಕ್ಷೆಗೆ ಹತ್ತು ದಿನ ಮೊದಲು ಇಪ್ಪತ್ತು 'ಮುಖ್ಯ ಪ್ರಶ್ನೆ'ಗಳ ಪಟ್ಟಿಯೊಂದನ್ನು ಕೊಟ್ಟೆ.

ಪಟ್ಟಿ ಕೊಟ್ಟದ್ದು ತಪ್ಪಲ್ಲ. ಅದರಲ್ಲಿದ್ದ ಲೆಕ್ಕಗಳನ್ನು ಅಂಕೆಯನ್ನೂ ಬದಲಿಸದೆ ಪತ್ರಿಕೆಗೆ ಇಳಿಸಿದ್ದು ತಪ್ಪು. ಸುತ್ತಳತೆ 40 ಮೀಟರ್ ಇರುವ ಆಯತದ ಗರಿಷ್ಠ ವಿಸ್ತೀರ್ಣವೆಷ್ಟು ಎಂಬುದು ಅವುಗಳಲ್ಲೊಂದು. ಬಹುತೇಕ ಎಲ್ಲರೂ 100 ಚದರ ಮೀಟರ್ ಎಂದು ಹಂತಹಂತವಾಗಿ, ಒಂದೇ ಕೈಯಿಂದ ಬರೆದಂತೆ ಬರೆದರು. ಫಲಿತಾಂಶ ಏರಿತು, ಅಭಿನಂದನೆಯೂ ಬಂತು. ಮುಂದಿನ ಸೆಮಿಸ್ಟರ್‌ನಲ್ಲಿ ಅದೇ ಮಕ್ಕಳಿಗೆ, ಮೊತ್ತ 20 ಆಗಿರುವ ಎರಡು ಸಂಖ್ಯೆಗಳ ಗುಣಲಬ್ಧ ಅತಿ ಹೆಚ್ಚಾಗುವುದು ಯಾವಾಗ ಎಂದು ಕೇಳಿದೆ. ಆಯತದ ಉದ್ದ ಅಗಲಗಳ ಮೊತ್ತವೂ ಇಪ್ಪತ್ತೇ, ಲೆಕ್ಕವೂ ಅದೇ. ಆದರೂ "ಸರ್, ಇದು ಪಟ್ಟಿಯಲ್ಲಿರಲಿಲ್ಲ" ಎಂಬ ಉತ್ತರ ಬಂತು. ನಾನು ಅಳೆದದ್ದು ಗಣಿತವನ್ನಲ್ಲ, ಹತ್ತು ದಿನಗಳ ನೆನಪನ್ನು.

ಅಮೆರಿಕದ ವಾಯುಪಡೆ ಅಕಾಡೆಮಿಯ ಕ್ಯಾಲ್ಕುಲಸ್ ತರಗತಿಗಳ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವನ್ನು ಬಹಳ ತಡವಾಗಿ ಓದಿದೆ. ಅಲ್ಲಿ ವಿದ್ಯಾರ್ಥಿಗಳನ್ನು ಅಧ್ಯಾಪಕರಿಗೆ ಯಾದೃಚ್ಛಿಕವಾಗಿ ಹಂಚಿ, ಎಲ್ಲರಿಗೂ ಒಂದೇ ಪರೀಕ್ಷೆ ಕೊಡಲಾಗುತ್ತದೆ. ವಿದ್ಯಾರ್ಥಿಗಳಿಂದ ಒಳ್ಳೆಯ ಅಭಿಪ್ರಾಯ ಪಡೆದ ಅಧ್ಯಾಪಕರ ತರಗತಿಗಳು ಆ ಅವಧಿಯಲ್ಲಿ ಹೆಚ್ಚು ಅಂಕ ಗಳಿಸಿದರೂ, ಮುಂದಿನ ಹಂತದ ವಿಷಯಗಳಲ್ಲಿ ಸರಾಸರಿಯಾಗಿ ಹಿಂದುಳಿದವು. ನನ್ನ ಅಭಿನಂದನಾ ಪತ್ರಕ್ಕೆ ಅದಕ್ಕಿಂತ ಸರಿಯಾದ ಟಿಪ್ಪಣಿ ಇರಲಾರದು.

ಆದ್ದರಿಂದ ಸುಲಭವೋ ಬಿಗಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬರಿಯ ಬಿಗಿಯೂ ನಿಲ್ಲುವುದಿಲ್ಲ: ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ, ಕೊಡುವ ಶ್ರೇಣಿಗಳಲ್ಲಿ 'ಎ' ಶ್ರೇಣಿಯ ಪಾಲು 35 ಪ್ರತಿಶತ ಮೀರಬಾರದೆಂಬ ಮಿತಿ ಗೊತ್ತುಪಡಿಸಿ, 2014ರಲ್ಲಿ ಅದನ್ನು ಕೈಬಿಟ್ಟಿತು. ಅರ್ಧದಷ್ಟು ಮಂದಿ ಎಡವುತ್ತಿದ್ದರೆ, ಭಿನ್ನರಾಶಿ ಮತ್ತು ಬೀಜಗಣಿತದಲ್ಲೇ ಎಡವುತ್ತಿರುವ ಸಾಧ್ಯತೆ ಹೆಚ್ಚು. ಪಠ್ಯ ಹಿಂದೆ ಬಿದ್ದರೂ ಸರಿ, ಮೊದಲ ತಿಂಗಳನ್ನು ಅದಕ್ಕೇ ಕೊಡಿ. ಪ್ರತಿ ವಾರ ಪುಸ್ತಕ ಮುಚ್ಚಿಸಿ ಹತ್ತು ನಿಮಿಷದ ಕಿರುಪರೀಕ್ಷೆ ಮಾಡಿ, ಅದರಲ್ಲಿ ಕಂಡಿರದ ಲೆಕ್ಕವೊಂದಿರಲಿ, ಮುಂದಿನ ತರಗತಿಯೊಳಗೆ ತಿದ್ದಿ ಹಿಂದಿರುಗಿಸಿ. ತಿದ್ದುವ ಶ್ರಮವನ್ನು ತಪ್ಪಿಸುವ ದಾರಿ ನನಗಂತೂ ಸಿಕ್ಕಿಲ್ಲ.

ಮೇಲಿನವರು ಕೇಳಿಯೇ ಕೇಳುತ್ತಾರೆ. ಆಗ ಒಬ್ಬನೇ ವಿದ್ಯಾರ್ಥಿಯ ಮೊದಲ ವಾರದ ಮತ್ತು ಹತ್ತನೆಯ ವಾರದ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿ. ನಾನು ಹಾಗೆ ತೋರಿಸಲು ಕಲಿಯುವ ವೇಳೆಗೆ ನಾಲ್ಕು ತಂಡಗಳು ನನ್ನ ಪಟ್ಟಿಯನ್ನೇ ನಂಬಿ ಹೊರಹೋಗಿದ್ದವು.