ಶಾಲೆಯ ಲಾಂಛನದಲ್ಲಿರುವ ಪ್ರತಿಯೊಂದು ಚಿಹ್ನೆಗೂ ಅರ್ಥ ಎಲ್ಲಿ ಸಿಗುತ್ತದೆ?

ನಿಮ್ಮ ಶಾಲೆಯ ಲಾಂಛನದಲ್ಲಿರುವ ಸಿಂಹ, ನಕ್ಷತ್ರ ಮತ್ತು ಕೆಂಪು ಬಣ್ಣಗಳ ಅರ್ಥ ತಿಳಿಸುವ ಪಟ್ಟಿಯನ್ನು ಕೇಳಿದ್ದೀರಿ. ಅಂಥದೊಂದು ಪಟ್ಟಿಯನ್ನು ನಂಬಿಯೇ ನಾನು ಕೆಟ್ಟೆ.

ನಾನು ಓದಿದ ಶಾಲೆಯ ಗುರಾಣಿಯಲ್ಲಿ ಸಿಂಹದ ಮೇಲೆ ಪುಟ್ಟದೊಂದು ಅರ್ಧಚಂದ್ರವಿತ್ತು. ಆ ಪಟ್ಟಿಯನ್ನು ನೆಚ್ಚಿ ಸ್ಮರಣ ಸಂಚಿಕೆಯಲ್ಲಿ ನಾನು ಅದನ್ನು ಶುಕ್ಲಪಕ್ಷದ ಚಂದ್ರನಂತೆ ದಿನೇದಿನೇ ಬೆಳೆಯುವ ವಿದ್ಯೆಯೆಂದು ವರ್ಣಿಸಿದೆ. ಸಂಚಿಕೆ ಅಚ್ಚಾಗಿ ಹಂಚಿಕೆಯಾದ ಮೇಲೆ ಹಿರಿಯ ವಿದ್ಯಾರ್ಥಿಯೊಬ್ಬರು ಲಾಂಛನವನ್ನು ಮಾತಿನಲ್ಲಿ ವಿವರಿಸುವ ಮೂಲ ಪಠ್ಯವನ್ನು ಮುಂದಿಟ್ಟರು: ಅರ್ಧಚಂದ್ರವಿರುವುದು 'ವ್ಯತ್ಯಾಸಕ್ಕಾಗಿ' ಎಂದು ಅದರಲ್ಲಿತ್ತು. ಇಂಗ್ಲಿಷ್ ಪದ್ಧತಿಯಲ್ಲಿ ತಂದೆಯ ಲಾಂಛನವನ್ನು ಧರಿಸುವ ಎರಡನೆಯ ಮಗ ಅರ್ಧಚಂದ್ರವನ್ನೂ, ಮೂರನೆಯವನು ನಕ್ಷತ್ರವನ್ನೂ, ನಾಲ್ಕನೆಯವನು ಕಾಲಿಲ್ಲದ ಪುಟ್ಟ ಹಕ್ಕಿಯನ್ನೂ ಸೇರಿಸಿಕೊಳ್ಳುವುದು ವಾಡಿಕೆ. ನಮ್ಮ ಸ್ಥಾಪಕರು ಎರಡನೆಯ ಮಗ. ಶಾಲೆ ಅವರ ಮನೆತನದ ಗುರಾಣಿಯನ್ನೇ ಎತ್ತಿಕೊಂಡಿತ್ತು. ನನ್ನನ್ನು ಇಂದಿಗೂ ಚುಚ್ಚುವುದು ಅಜ್ಞಾನವಲ್ಲ. ಆ ಪಠ್ಯದ ಪ್ರತಿಯನ್ನು ನಾನು ಮೊದಲೇ ಓದಿದ್ದೆ. 'ವ್ಯತ್ಯಾಸ' ಎಂದರೆ ಬೇರೆ ಶಾಲೆಗಳಿಂದ ವ್ಯತ್ಯಾಸವೆಂದು ನಾನೇ ಊಹಿಸಿ ಮುಂದೆ ಸಾಗಿದ್ದೆ. ಬೆಳೆಯುವ ಚಂದ್ರನ ಕೋಡುಗಳು ಹೀಗೆ ನೇರವಾಗಿ ಮೇಲಕ್ಕೇ ಏಕಿವೆ ಎಂದೂ ಯೋಚಿಸಲಿಲ್ಲ. ಕೊನೆಗೆ ಉಳಿದ ಪ್ರತಿಗಳಿಗೆಲ್ಲ ಕೈಯಾರೆ ತಿದ್ದುಪಡಿ ಚೀಟಿ ಅಂಟಿಸಿದೆ, ಮುಂದಿನ ಸಂಚಿಕೆಗೆ ನನ್ನನ್ನು ಯಾರೂ ಕರೆಯಲಿಲ್ಲ.

ಆದ್ದರಿಂದ ಪಟ್ಟಿಯನ್ನು ಹುಡುಕಬೇಡಿ. ಕೆಂಪೆಂದರೆ ಶೌರ್ಯ, ನೀಲಿಯೆಂದರೆ ನಿಷ್ಠೆ ಎಂಬ ಮಾತುಗಳು ಬಹುಮಟ್ಟಿಗೆ ಆಮೇಲೆ ಕಟ್ಟಿದ ವ್ಯಾಖ್ಯಾನಗಳು. ಲೋಹವರ್ಣಗಳಾದ ಚಿನ್ನ-ಬೆಳ್ಳಿಗಳನ್ನು ಒಂದರ ಮೇಲೊಂದು ಇಡಬಾರದು, ಉಳಿದ ಬಣ್ಣಗಳನ್ನೂ ಹಾಗೆಯೇ ಇಡಬಾರದು ಎಂಬ ನಿಯಮಕ್ಕೆ ದೂರದಿಂದ ಗುರುತು ಸಿಗಬೇಕೆನ್ನುವುದೇ ಸಾಮಾನ್ಯವಾಗಿ ಕೊಡುವ ಕಾರಣ. ಅರ್ಥವನ್ನು ಧೈರ್ಯವಾಗಿ ಹೇಳಬಹುದಾದದ್ದು ಲಾಂಛನ ಕೊಟ್ಟವರೇ ಅದನ್ನು ಬರೆದಿಟ್ಟಾಗ. 1449ರಲ್ಲಿ ಇಂಗ್ಲೆಂಡಿನ ದೊರೆ ಆರನೆಯ ಹೆನ್ರಿ ಅಲ್ಲಿನ ಈಟನ್ ಕಾಲೇಜೆಂಬ ಶಾಲೆಗೆ ಲಾಂಛನ ನೀಡಿದಾಗ, ಕಪ್ಪು ಹಿನ್ನೆಲೆಯ ಸ್ಥಿರತೆ ಸಂಸ್ಥೆಯ ಚಿರಕಾಲದ ಬಾಳ್ವೆಯನ್ನು ಸೂಚಿಸಲೆಂದು ಅದನ್ನು ನೀಡಿದ ಪತ್ರದಲ್ಲೇ ಹೇಳಿದ್ದಾನೆ. ಅದೇ ಕಪ್ಪು ಇನ್ನೊಂದು ಗುರಾಣಿಯಲ್ಲಿ ಏನನ್ನೂ ಸೂಚಿಸದೆ ಇರಬಹುದು.

ಮೂಲ ಪಠ್ಯ ಸಿಕ್ಕರೆ ಇನ್ನೊಂದು ಎಚ್ಚರಿಕೆ: ಅದರಲ್ಲಿ ಹೇಳುವ ಬಲಗಡೆ ಗುರಾಣಿ ಹಿಡಿದವನ ಬಲಗಡೆಯೇ ಹೊರತು ನೋಡುವವರದಲ್ಲ. ನಿಮ್ಮ ನಕ್ಷತ್ರವೂ ಮೂಲೆಯಲ್ಲೆಲ್ಲೋ ಚಿಕ್ಕದಾಗಿ ಕುಳಿತಿದ್ದರೆ, ಜ್ಞಾನದ ಬೆಳಕೆಂದು ಬರೆಯುವ ಮೊದಲು ಸ್ಥಾಪಕರು ಮನೆಗೆ ಎಷ್ಟನೆಯ ಮಗನೆಂದು ವಿಚಾರಿಸಿ.