ರ‍್ಯಾಂಡಮ್ ಬಿಡಿ, ಸ್ವಿಂಗ್ ಹಿಡಿಯಿರಿ

ಏಬಲ್ಟನ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ಡ್ರಮ್ ಬೀಟ್‌ಗೆ ರ‍್ಯಾಂಡಮ್ (ಪೆಟ್ಟುಗಳ ಸಮಯವನ್ನು ಲೆಕ್ಕವಿಲ್ಲದೆ ಏರುಪೇರು ಮಾಡುವ ಸೆಟ್ಟಿಂಗ್) ಹಾಕಿದರೂ ಮಷಿನ್ ಥರಾನೇ ಕೇಳಿಸುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಆ ರ‍್ಯಾಂಡಮ್ ಅನ್ನು ಸೊನ್ನೆಗೆ ಇಳಿಸಿ. ಒಳ್ಳೆಯ ಡ್ರಮ್ಮರ್ ಕೈ ಸುಮ್ನೆ ಎಲ್ಲೆಲ್ಲೋ ಬೀಳುವುದಿಲ್ಲ. ತಡವಾಗುವ ಪೆಟ್ಟು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ತಡವಾಗುತ್ತದೆ. ಮಜಾ ಇರೋದೇ ಅಲ್ಲಿ.

ಸ್ವಿಂಗ್ ಕೆಲಸವೂ ಅದೇ. ಹದಿನಾರನೇ ನೋಟ್‌ಗಳ (ತಲಾ ಕಾಲು ಬೀಟ್) ಪ್ರತಿ ಜೋಡಿಯಲ್ಲಿ ಎರಡನೆಯದನ್ನು ತಡ ಮಾಡುತ್ತದೆ. ರೋಜರ್ ಲಿನ್ ವಿನ್ಯಾಸ ಮಾಡಿದ 1988ರ ಎಂಪಿಸಿ60 ಡ್ರಮ್ ಮಷಿನ್‌ನ ಲೆಕ್ಕ ಜೋಡಿಯಲ್ಲಿ ಮೊದಲ ನೋಟ್‌ಗೆ ಸಿಗುವ ಶೇಕಡಾ ಪಾಲು: 50 ಅಂದರೆ ನೇರ, 66 ಅಂದರೆ ಹತ್ತಿರಹತ್ತಿರ ತಿಶ್ರ ನಡೆ. ನಿಮ್ಮ ವೇಗದಲ್ಲಿ ಒಂದು ಜೋಡಿಗೆ ಸುಮಾರು 333 ಮಿಲಿಸೆಕೆಂಡ್. 54 ಇಟ್ಟರೆ ಎರಡನೇ ಪೆಟ್ಟು ಬರೀ 13 ಮಿಲಿಸೆಕೆಂಡ್ ತಡ. ಅಷ್ಟಕ್ಕೇ ಹೈ-ಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಾಳ) ಉಸಿರಾಡುತ್ತದೆ, ನೋಡಿ.

ಏಬಲ್ಟನ್‌ನಲ್ಲಿ ಗ್ರೂವ್‌ಗಳನ್ನು (ಲಯದ ಮಾದರಿಗಳನ್ನು) ಇಡುವ ಗ್ರೂವ್ ಪೂಲ್‌ಗೆ ಎಂಪಿಸಿ ಸ್ವಿಂಗ್ ಒಂದನ್ನು ಎಳೆದುಕೊಳ್ಳಿ. 54ರಿಂದ 58ರ ಒಳಗೆ ಸಾಕು. 60 ದಾಟಿದರೆ ಕುಂಟಿದ ಹಾಗೆ ಕೇಳುತ್ತದೆ, ನನ್ನ ಕಿವಿಗಂತೂ. ಬೇಸ್‌ನಲ್ಲಿ ಹದಿನಾರನೇ ನೋಟ್‌ಗಳಿದ್ದರೆ ಅದಕ್ಕೂ ಅದೇ ಗ್ರೂವ್ ಹಾಕಿ. ಇಲ್ಲದಿದ್ದರೆ ಹ್ಯಾಟ್ ಒಂದು ಕಡೆ, ಬೇಸ್ ಇನ್ನೊಂದು ಕಡೆ. ಬೀಟ್ ಮೇಲೇ ಬೀಳುವ ಕಿಕ್‌ ಹೇಗೂ ಜರುಗುವುದಿಲ್ಲ.

ವೆಲಾಸಿಟಿ, ಅಂದರೆ ಪೆಟ್ಟಿನ ಜೋರು, ಮರೆಯಬೇಡಿ. ಎಲ್ಲ ಹ್ಯಾಟೂ 100ರಲ್ಲಿದ್ದರೆ ಯಾವ ಸ್ವಿಂಗೂ ಕೈಹಿಡಿಯಲ್ಲ. ಬೀಟ್ ಮೇಲಿನದ್ದು 100, ನಡುವಿನವು 60ರ ಆಸುಪಾಸು ಇಟ್ಟು ನೋಡಿ.

ಯಾರಾದರೂ ನುಡಿಸಿದ ಢೋಲಕ್ ರೆಕಾರ್ಡಿಂಗ್ ಇದ್ದರೆ ಇನ್ನೂ ಒಳ್ಳೇದು. ಆ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಟ್ರಾಕ್ಟ್ ಗ್ರೂವ್ ಕೊಡಿ, ಅದರ ಲಯ ಗ್ರೂವ್ ಆಗಿ ಸಿಗುತ್ತದೆ. ಆದರೆ ಬೇಸ್ ಜೊತೆ ಕೇಳುವವರೆಗೆ ಗ್ರೂವ್ ಅನ್ನು ಕ್ಲಿಪ್‌ಗೇ ಬರೆದುಬಿಡುವ ಕಮಿಟ್ ಒತ್ತಬೇಡಿ.