ತೋಳಿಗೆ ಹಚ್ಚಿದ ಅಯೋಡಿನ್ ಬೇಗ ಮಾಯವಾದರೆ ಕೊರತೆಯೇ?

ತೋಳಿಗೆ ಹಚ್ಚಿದ ಅಯೋಡಿನ್ ಕಲೆ ಬೇಗ ಹೋದರೆ ಮೈಯಲ್ಲಿ ಅಯೋಡಿನ್ ಕೊರತೆ ಇದೆ ಅನ್ನುವ ವಿಡಿಯೊ ನೋಡಿ ನೀವೂ ಹಚ್ಚಿಕೊಂಡಿದ್ದೀರಿ, ಸುಸ್ತೂ ಇದೆ ಅಂದಿದ್ದೀರಿ. ಕಲೆ ಸಂಜೆಯೊಳಗೆ ಮಾಯವಾಗಿದ್ದಕ್ಕೆ ಮೈಯಲ್ಲಿನ ಕೊರತೆ ಕಾರಣವಲ್ಲ. ಟಿಂಚರ್ ಅಯೋಡಿನ್ ಆವಿಯಾಗುತ್ತದೆ, ಉಳಿದದ್ದು ಚರ್ಮದ ಮೇಲೆ ಬಣ್ಣವಿಲ್ಲದ ಅಯೋಡೈಡ್ ಆಗುತ್ತದೆ. ಪುಣೆಯ ಏಪ್ರಿಲ್ ಬಿಸಿಲಲ್ಲಿ ಇನ್ನೂ ಬೇಗ. ಆ ವಿಡಿಯೊ ಬಿಟ್ಟುಬಿಡಿ.

ಮೊದಲು ಉಪ್ಪಿನ ಪ್ಯಾಕೆಟ್ ತಿರುಗಿಸಿ ನೋಡಿ. ಮನೆಯಲ್ಲಿ ಸೈಂಧವ ಉಪ್ಪೇ ಬಳಸುತ್ತೇವೆ ಅಂದಿದ್ದೀರಲ್ಲ, ಅದಕ್ಕೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ, ನನ್ನ ಅನುಮಾನ ಅಲ್ಲೇ. ‘ಆಯೋಡೀನಯುಕ್ತ ಮೀಠ’ ಅಂತ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅಚ್ಚಾಗಿರುವುದನ್ನೇ ತನ್ನಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಗರ್ಭಿಣಿಯರಿಗೆ 250.

ಆಮೇಲೆ ಹತ್ತಿರದ ಲ್ಯಾಬ್‌ನಲ್ಲಿ ಬೆಳಿಗ್ಗೆ ಟಿಎಸ್‌ಎಚ್, ಫ್ರೀ ಟಿ4 ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ; ಕತ್ತಿನ ಥೈರಾಯ್ಡ್ ಗ್ರಂಥಿ ಹಾರ್ಮೋನ್ ತಯಾರಿಸಲು ಅಯೋಡಿನ್ ಬೇಕು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟ್ ತಪ್ಪು ಬರಬಹುದು. ಮೂತ್ರದಲ್ಲಿ ಅಯೋಡಿನ್ ಅಳೆಯುವ ಟೆಸ್ಟೂ ಇದೆ. ಆದರೆ ಅದು ನಿನ್ನೆ ತಿಂದದ್ದರ ಮೇಲೆ ಏರಿಳಿಯುತ್ತದೆ. ಇಡೀ ಊರಿನ ಲೆಕ್ಕಕ್ಕೆ ಸರಿ, ಒಬ್ಬರ ಒಂದು ಸ್ಯಾಂಪಲ್‌ನಿಂದ ತೀರ್ಮಾನ ಆಗದು. ದುಡ್ಡು ದಂಡ.

ನಿಮ್ಮ ಸುಸ್ತು ಅಯೋಡಿನ್ ಕೊರತೆಯಿಂದಲೇ ಅಂತ ಹೇಳಲಾರೆ. ಹಿಮೋಗ್ಲೋಬಿನ್ ಕೂಡ ಅದೇ ರಕ್ತದಲ್ಲಿ ನೋಡಿಸಿ. ಲುಗಾಲ್ ಹನಿಗಳನ್ನು (ಗಾಢವಾದ ಅಯೋಡಿನ್ ದ್ರಾವಣ) ಮಾತ್ರ ನೀವಾಗಿ ಶುರು ಮಾಡಬೇಡಿ, ಅಯೋಡಿನ್ ಹೆಚ್ಚಾದರೂ ಥೈರಾಯ್ಡ್ ಕೆಡುತ್ತದೆ. ಟಿಎಸ್‌ಎಚ್ ಮಿತಿಯ ಹೊರಗಿದ್ದರೆ ಅಥವಾ ಕತ್ತಿನ ಮುಂಭಾಗ ಊದಿದಂತಿದ್ದರೆ ರಿಪೋರ್ಟ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.